ಇನ್ನೊಂದ್ಸಲ, ಕೈ ಮೇಲೆತ್ತಿ

ಮುಗಿದುಹೋದ ಸಂಗತಿಯನ್ನು ಇನ್ನೊಂದು ಸಲ ಮಾಡಿಸಿ ಫೋಟೋ ಹಿಡಿಯುವುದು ಅಶ್ವಿನಿಗೆ ಅಪ್ಪನಿಂದ ಬಂದ ವಿದ್ಯೆ. ಅವಳ ಅಪ್ಪ ಮಲ್ಲಿಕಾರ್ಜುನಪ್ಪ ಅಜ್ಜಂಪುರದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು, ಜೊತೆಗೆ ಜಿಲ್ಲೆಯ ಪತ್ರಿಕೆಯೊಂದಕ್ಕೆ ಸುದ್ದಿಯ ಚಿತ್ರ ಕಳಿಸುತ್ತಿದ್ದವರು. ಆಗ ರೀಲಿನ ಕಾಲ. ಚಿತ್ರ ತೆಗೆದ ರೀಲನ್ನು ಕಪ್ಪು ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ, ಚಿಕ್ಕಮಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅದು ಪತ್ರಿಕೆಯ ಕಚೇರಿ ಮುಟ್ಟಬೇಕು. ಬಸ್ಸು ಹಿಡಿದು ಹಳ್ಳಿಗೆ ಹೋಗುವಷ್ಟರಲ್ಲಿ ಎಷ್ಟೋ ಸಲ ಸಭೆ ಮುಗಿದು ಶಾಮಿಯಾನ ಬಿಚ್ಚುತ್ತಿರುತ್ತಿದ್ದರು. ಮಲ್ಲಿಕಾರ್ಜುನಪ್ಪ ಗಾಬರಿಯಾದವರಲ್ಲ. "ಸ್ವಾಮೀ, ಇನ್ನೊಂದ್ಸಲ" ಅಂದರೆ ಸಾಕು, ಎಂಥ ದೊಡ್ಡವರೂ ತೆಗೆದಿಟ್ಟ ಹಾರಕ್ಕೆ ಮತ್ತೆ ಕೊರಳು ಒಡ್ಡುತ್ತಿದ್ದರು. ವನಮಹೋತ್ಸವದಲ್ಲಿ ಒಬ್ಬ ಅಧಿಕಾರಿ ಒಂದೇ ಗಿಡವನ್ನು ಒಂದೇ ಗುಂಡಿಯಿಂದ ಕಿತ್ತು ನಾಲ್ಕು ಸಲ ನೆಟ್ಟಿದ್ದರು. ಚಿತ್ರ ಚೆನ್ನಾಗಿ ಬಂತು, ಗಿಡ ಮಾತ್ರ ಸಂಜೆಗೆ ಬಾಡಿ ಬಿತ್ತು.

"ಇದು ಸುಳ್ಳಲ್ವೇನಪ್ಪಾ?" ಎಂದು ಅಶ್ವಿನಿ ಲಂಗದ ವಯಸ್ಸಿನಲ್ಲಿ ಕೇಳಿದ್ದಳು.

"ಗಿಡ ನೆಟ್ಟಿದ್ದು ನಿಜ ತಾನೇ? ನಾನು ತಡವಾಗಿ ಹೋಗಿದ್ದು ಪೇಪರ್ ಓದೋರಿಗೆ ಯಾಕಮ್ಮ?" ಎಂದಿದ್ದರು ಅಪ್ಪ.

ಆರು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾಗಿ, ಕ್ಯಾಮೆರಾ ಮಗಳ ಕೊರಳಿಗೆ ಬಂತು. ಮದುವೆ, ನಾಮಕರಣ, ಆಧಾರ್ ಕಾರ್ಡಿನ ಫೋಟೋ ಎಲ್ಲದರ ನಡುವೆ ಪತ್ರಿಕೆಯ ಕೆಲಸವನ್ನೂ ಅವಳು ಬಿಡಲಿಲ್ಲ. ಜೊತೆಗೆ ಇನ್ನೊಂದು ರೂಢಿಯೂ ಸೇರಿಕೊಂಡಿತು. ಕಡೂರಿನ ನಾಗೇಶ್ ಒಂದು ಪತ್ರಿಕೆಗೆ, ತರೀಕೆರೆಯ ಆನಂದ್ ಇನ್ನೊಂದು ಪತ್ರಿಕೆಗೆ ಚಿತ್ರ ಕಳಿಸುತ್ತಿದ್ದರು. ಮೂವರೂ ಮೂರು ಕಡೆ ಓಡುವ ಬದಲು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು, ಯಾರು ಎಲ್ಲಿಗೆ ಹೋದರೋ ಅವರ ಚಿತ್ರವನ್ನು ಉಳಿದಿಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಕಳಿಸುವುದು ಅಂತ ಮಾತಾಯಿತು. ಓದುವವರ ಕಣ್ಣಿಗೆ ಮೂರು ಪತ್ರಿಕೆ, ಮೂರು ಹೆಸರು. ಕಣ್ಣು ಮಾತ್ರ ಒಂದೇ.

ಈ ಎರಡು ರೂಢಿ ಸೇರಿದ್ದು ಶ್ರಾವಣದ ಒಂದು ಸೋಮವಾರ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಹುಲ್ಲೇಕಟ್ಟೆಯ ಸಿದ್ದಪ್ಪ ಫೋನು ಮಾಡಿದರು. ಊರಿಗೆ ಯಜಮಾನರಂಥವರು, ತೆಂಗಿನ ತೋಟ, ಈರುಳ್ಳಿ ಹೊಲ ಇದ್ದವರು. ಊರ ಪಕ್ಕದ ಗುಡ್ಡದಲ್ಲಿ ಜಲ್ಲಿ ಕ್ರಷರ್ ಶುರುವಾದ ಮೇಲೆ ಈರುಳ್ಳಿ ಗರಿಯ ಮೇಲೆ ಬೂದಿ ಬಳಿದಂತೆ ದೂಳು ಕೂರುತ್ತಿತ್ತು, ಬಂಡೆಗೆ ಸಿಡಿಮದ್ದು ಹೊಡೆದಾಗ ಗೋಡೆ ಬಿರಿಯುತ್ತಿತ್ತು.

"ಅಶ್ವಿನಿ, ಟಿಪ್ಪರ್ ತಡ್ದಿದೀವಿ ಕಣಮ್ಮ. ತಹಶೀಲ್ದಾರ್ ಬತ್ತಾ ಅವ್ರೆ. ಬೇಗ ಬಾ."

ಅವಳು ಸ್ಕೂಟರ್ ತೆಗೆದಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಹೋಗಲೋ ಬೇಡವೋ ಎಂದು ನಿಂತು ನಿಂತು ಹೋಯಿತು. ಅವಳು ಹುಲ್ಲೇಕಟ್ಟೆ ಮುಟ್ಟಿದಾಗ ತಹಶೀಲ್ದಾರರು ಮನವಿ ತೆಗೆದುಕೊಂಡು ಹೋಗಿಯಾಗಿತ್ತು. ಹೊಂಗೆ ಮರದ ಕೆಳಗೆ ಪ್ರತಿಭಟನೆಯವರೆಲ್ಲ ಮುತ್ತುಗದ ಎಲೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಅವರ ನಡುವೆ, ಅವರು ತಡೆದಿದ್ದ ಟಿಪ್ಪರಿನ ಡ್ರೈವರ್ ಹೊನ್ನೇಶನೂ ಕೂತು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

"ಏನ್ ಗೌಡ್ರೇ, ಎಲ್ಲಾ ಮುಗಿಸಿಬಿಟ್ರಾ?" ಎಂದಳು ಅಶ್ವಿನಿ.

"ನಿಂಗೋಸ್ಕರ ಇನ್ನೊಂದ್ಸಲ ಮಾಡಾಣ ಬಿಡಮ್ಮ, ನಮ್ದೇನ್ ಗಂಟು ಹೋಗೈತೆ," ಎಂದು ಸಿದ್ದಪ್ಪ ಕೈ ತೊಳೆದರು.

ಹೊನ್ನೇಶ್ ತಾನೇ ಎದ್ದು ಟಿಪ್ಪರ್ ತಂದು ರಸ್ತೆಗೆ ಅಡ್ಡ ನಿಲ್ಲಿಸಿದ. "ಲೈಟ್ ಹಾಕ್ಲಾ ಮೇಡಂ? ಗಮ್ಮಂತ ಕಾಣುತ್ತೆ."

ಹತ್ತು ಹನ್ನೆರಡು ಜನ ಮುಂದೆ ಸಾಲಾಗಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಟ್ಟೆ ತುಂಬಿದ ಮುಖ. ಅಶ್ವಿನಿ ಕ್ಯಾಮೆರಾದಲ್ಲಿ ನೋಡಿ ತಲೆಯಲ್ಲಾಡಿಸಿದಳು.

"ಪ್ರತಿಭಟನೆ ಥರ ಕಾಣ್ತಿಲ್ಲ ಗೌಡ್ರೇ. ಹೆಣ್ಣು ನೋಡಕ್ಕೆ ಹೊಂಟಂಗಿದೀರ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು, ಕೈಯಲ್ಲಿ ಕುಡುಗೋಲು ಹಿಡಿದು ಒಬ್ಬ ಬರುತ್ತಿದ್ದ. ಕಪ್ಪಗೆ, ಎಲುಬು ಎಣಿಸುವಂತೆ ಇದ್ದ, ಐವತ್ತು ದಾಟಿದವ. ಊರ ಕೆಳಗಿನ ಕೇರಿಯ ಉಗ್ರಪ್ಪ. ಹೆಸರು ಹಾಗಿದ್ದರೂ ಎಮ್ಮೆಗೂ ಗದರಿದವನಲ್ಲ. ಪ್ರತಿಭಟನೆಗೆ ಅವನನ್ನು ಯಾರೂ ಕರೆದಿರಲಿಲ್ಲ, ಚಿತ್ರಾನ್ನಕ್ಕೂ ಕರೆದಿರಲಿಲ್ಲ.

"ಅಣ್ಣಾ, ಹೊರೆ ಇಳ್ಸಿ ಇಲ್ಲೊಂದ್ ಗಳಿಗೆ ಬನ್ನಿ."

"ನಂಗೂ ಇದ್ಕೂ ಸಂಬಂಧ ಇಲ್ಲ ಕಣವ್ವಾ. ಎಮ್ಮೆ ಈದೈತೆ, ಕಾಯ್ತಿರ್ತದೆ."

"ಒಂದೇ ನಿಮಿಷ. ಪೇಪರ್ನಾಗೆ ಬತ್ತೀರ."

ಪೇಪರ್ ಅಂದಕೂಡಲೇ ಉಗ್ರಪ್ಪ ಹೊರೆ ಇಳಿಸಿದ. ತಲೆಯ ಟವಲ್ಲು ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡ. ಗೌಡರ ಸಾಲಿನಿಂದ ಎರಡು ಮಾರು ಮುಂದೆ, ಒಂದು ಪಕ್ಕಕ್ಕೆ ಸರಿದು, ಒಬ್ಬನೇ ನಿಂತ. ಸಾಲಿನೊಳಗೆ ಸೇರಿಕೊಳ್ಳಲು ಅವನಿಗೂ ಸಂಕೋಚ, ಸಾಲಿನವರೂ ಸರಿದು ಜಾಗ ಮಾಡಲಿಲ್ಲ.

"ಕುಡುಗೋಲು ಮೇಲೆತ್ತಿ ಅಣ್ಣಾ. ಬಾಯ್ಬಿಟ್ಟು ಕೂಗಿ."

"ಏನಂತ ಕೂಗ್ಲವ್ವಾ?"

"ಏನಾದ್ರೂ ಕೂಗಿ, ಫೋಟೋದಾಗೆ ಕೇಳ್ಸಲ್ಲ."

"ಅವ್ನಿಗೆ ಅವ್ನ ಎಮ್ಮೆ ಹೆಸರು ಬಿಟ್ರೆ ಏನ್ ಗೊತ್ತು," ಎಂದರು ಯಾರೋ ಹಿಂದಿನಿಂದ.

ಉಗ್ರಪ್ಪ ಕುಡುಗೋಲು ಎತ್ತಿ, ಕತ್ತಿನ ನರ ಉಬ್ಬಿಸಿ, "ಕೆಂಪೀ!" ಎಂದು ಕೂಗಿದ.

"ಸಾಲ್ದು. ಇನ್ನೊಂದ್ಸಲ, ಕೈ ಮೇಲೆತ್ತಿ."

"ಕೆಂಪೀ! ಬಾರೇ ಕೆಂಪೀ!"

ಊರಿಗೂರೇ ನಕ್ಕಿತು. ಹೊನ್ನೇಶ್ ಕ್ಯಾಬಿನ್ನಿನಲ್ಲಿ ಕೂತು ಸ್ಟಿಯರಿಂಗ್ ತಟ್ಟಿಕೊಂಡು ನಕ್ಕ. ಅಶ್ವಿನಿ ಹದಿನೇಳು ಚಿತ್ರ ತೆಗೆದಳು. ಅದರಲ್ಲಿ ಹದಿನೈದನೆಯದನ್ನು ಆರಿಸಿ, ಸಂಜೆ ನಾಲ್ಕಕ್ಕೆ ಪತ್ರಿಕೆಗೂ, ತಮ್ಮ ಮೂವರ ಗುಂಪಿಗೂ ಕಳಿಸಿದಳು. 'ಕ್ರಷರ್ ವಿರುದ್ಧ ಹುಲ್ಲೇಕಟ್ಟೆ ಗ್ರಾಮಸ್ಥರ ಪ್ರತಿಭಟನೆ' ಎಂದು ಕೆಳಗೆ ಬರೆದಿದ್ದಳು.

ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಊರ ಬಳಿಯೇ ನಿಂತಿದ್ದ ಆ ಟಿಪ್ಪರಿಗೆ ಬೆಂಕಿ ಬಿತ್ತು. ಹೊನ್ನೇಶ್ ಒಳಗೆ ಮಲಗಿದ್ದ. ಬಾಗಿಲು ಒದ್ದುಕೊಂಡು ಈಚೆ ಬೀಳುವಷ್ಟರಲ್ಲಿ ಬೆನ್ನು, ಎರಡೂ ಕೈ ಸುಟ್ಟುಹೋಗಿದ್ದವು. ಶಿವಮೊಗ್ಗಕ್ಕೆ ಸಾಗಿಸಿದರು.

ಮಂಗಳವಾರ ಬೆಳಿಗ್ಗೆ ಅಶ್ವಿನಿ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಪೇಪರ್ ಬಂತು. ಮೊದಲ ಪುಟದಲ್ಲೇ ಅವಳ ಚಿತ್ರ. ಆದರೆ ಅವಳು ಕಳಿಸಿದ ಚಿತ್ರವಲ್ಲ. ಹನ್ನೆರಡು ಬಿಳಿ ಅಂಗಿಗಳನ್ನು ಕಚೇರಿಯಲ್ಲಿ ಕತ್ತರಿಸಿ ತೆಗೆದಿದ್ದರು. ಉಳಿದದ್ದು ಕುಡುಗೋಲು ಎತ್ತಿ ಬಾಯಿ ತೆರೆದ ಉಗ್ರಪ್ಪ, ಅವನ ಹಿಂದೆ ಕಣ್ಣು ಉರಿಸಿಕೊಂಡು ನಿಂತ ಟಿಪ್ಪರ್. ಕೆಳಗೆ ದಪ್ಪಕ್ಷರದಲ್ಲಿ 'ಬೆಂಕಿಗೆ ಮುನ್ನ' ಎಂದಿತ್ತು.

ಅಶ್ವಿನಿ ಚೊಂಬು ಇಟ್ಟು ಉಳಿದೆರಡು ಪೇಪರನ್ನೂ ತರಿಸಿ ನೋಡಿದಳು. ನಾಗೇಶನ ಪತ್ರಿಕೆಯಲ್ಲೂ ಅದೇ ಚಿತ್ರ, ಆನಂದನ ಪತ್ರಿಕೆಯಲ್ಲೂ ಅದೇ, ಅಲ್ಲೂ ಉಗ್ರಪ್ಪನೊಬ್ಬನೇ. ಕಚೇರಿಗೆ ಫೋನು ಮಾಡಿದರೆ, "ಸೂಪರ್ ಫೋಟೋ ಮೇಡಂ, ಎಲ್ಲಾ ಕಡೆ ಓಡ್ತಾ ಇದೆ" ಎಂದರು. ಓಡುತ್ತಿದ್ದುದು ನಿಜ. ಮಧ್ಯಾಹ್ನದ ಹೊತ್ತಿಗೆ ಅವಳ ಫೋನಿಗೇ ಆ ಚಿತ್ರ ಏಳು ಕಡೆಯಿಂದ ಬಂತು. ಯಾರೋ ಉಗ್ರಪ್ಪನ ಮುಖದ ಸುತ್ತ ಕೆಂಪು ವೃತ್ತ ಎಳೆದಿದ್ದರು. 'ಇವನೇ' ಎಂದು ಬರೆದಿದ್ದರು.

ಬುಧವಾರ ಕೋಳಿ ಕೂಗುವ ಹೊತ್ತಿಗೆ ಪೊಲೀಸ್ ಜೀಪು ಬಂತಂತೆ. ಉಗ್ರಪ್ಪ ಕರುವನ್ನು ಕಟ್ಟಿ ಹಾಲು ಹಿಂಡಲು ಕೂತಿದ್ದನಂತೆ. ಅಶ್ವಿನಿಗೆ ಇದು ಗೊತ್ತಾದದ್ದು ಅವನ ಹೆಂಡತಿ ಈಶ್ವರಮ್ಮನಿಂದ. ಅವಳು ಬಿಸಿಲಲ್ಲಿ ನಡೆದುಕೊಂಡೇ ಬಂದು ಸ್ಟುಡಿಯೋದ ಹೊಸಿಲಿನ ಈಚೆ ನಿಂತಳು. ಸೆರಗಿನ ಗಂಟಿನಿಂದ ಪೇಪರಿನ ತುಂಡು ತೆಗೆದಳು.

"ಈ ಫೋಟ ಹಿಡ್ದೋರು ನೀವೇನವ್ವಾ?"

"ಹೂಂ. ಒಳಗೆ ಬನ್ನಿ, ಕೂತ್ಕಳಿ."

"ಕೂರಕ್ಕೆ ಬಂದಿಲ್ಲ. ನಮ್ಮೆಜಮಾನ್ರು ಠಾಣೆನಾಗೆ ಹೇಳಿದ್ರಂತೆ, ಆವಮ್ಮ ಕೂಗು ಅಂದ್ಲು, ನಾನು ಎಮ್ಮೆ ಹೆಸರು ಕೂಗಿದೆ ಅಂತ. ಅಲ್ಲಿದ್ದೋರೆಲ್ಲ ನಕ್ಕರಂತೆ. ಬಾಯಿ ಹಿಂಗ್ ಬಿಟ್ಟಿದೀಯ, ಎಮ್ಮೆ ಕರೆಯೋರು ಹಿಂಗ್ ಕರೀತಾರೇನೋ ಅಂದ್ರಂತೆ. ಮೂರು ಪೇಪರ್ನಾಗೂ ಐತೆ, ಮೂರು ಜನ ಕಂಡವ್ರೆ, ಮೂವರೂ ಸುಳ್ಳಾ ಅಂತಾರೆ." ಅವಳು ಉಸಿರು ಎಳೆದುಕೊಂಡಳು. "ಊರಾಗೆ ಗೌಡ್ರ ಮನೆ ಬಾಗ್ಲಿಗೆ ಹೋದೆ. ಬಂದು ಒಂದ್ ಮಾತು ಹೇಳ್ರಪ್ಪ ಅಂದೆ. ನಾವು ಆ ಹೊತ್ತಿಗೆ ಅಲ್ಲಿ ಇರ್ಲೇ ಇಲ್ಲ ಅಂದ್ಬಿಟ್ರು. ಎಲ್ರೂವೆ."

ಅಶ್ವಿನಿಗೆ ಅರ್ಥವಾಯಿತು. ಉಗ್ರಪ್ಪನನ್ನು ಫೋಟೋಗಾಗಿ ಕರೆದು ನಿಲ್ಲಿಸಿದರು ಎಂದು ಹೇಳಬೇಕಾದರೆ, ತಾವು ಅಲ್ಲಿದ್ದೆವು ಎಂದು ಮೊದಲು ಒಪ್ಪಬೇಕು. ಕತ್ತರಿಸಿದ ಚಿತ್ರ ಅವರೆಲ್ಲರನ್ನೂ ಮನೆಯಲ್ಲಿ ಕೂರಿಸಿಬಿಟ್ಟಿತ್ತು.

"ನಾನು ಹೇಳ್ತೀನಿ ಕಣಮ್ಮ," ಎಂದಳು.

"ಯಾವತ್ತು?" ಎಂದಳು ಈಶ್ವರಮ್ಮ. ಉತ್ತರಕ್ಕೆ ಕಾಯದೆ ಸೆರಗು ಹೊದ್ದುಕೊಂಡು ಹೊರಟಳು.

ಬಾಗಿಲು ಮುಂದೆ ಮಾಡಿ ಅಶ್ವಿನಿ ಹದಿನೇಳು ಚಿತ್ರಗಳನ್ನೂ ಕಂಪ್ಯೂಟರಿಗೆ ಹಾಕಿದಳು. ಒಂದರಿಂದ ಹದಿನಾಲ್ಕರವರೆಗೆ ಬಿಳಿ ಅಂಗಿಯವರ ಸಾಲು, ಮುಂದೆ ಕೈ ಎತ್ತಿ ಕಲಿಯುತ್ತಿರುವ ಉಗ್ರಪ್ಪ. ಪೊಲೀಸರ ಕಣ್ಣಿಗೆ ಇವೂ ರೋಷದ ಚಿತ್ರಗಳೇ, ಜನ ಮಾತ್ರ ಹೆಚ್ಚು. ಹದಿನೈದು, ಎಲ್ಲರೂ ನೋಡಿದ್ದು. ಹದಿನಾರು ಬಂದಾಗ ಅವಳ ಎದೆ ಹಗುರಾಯಿತು. ಎರಡನೇ ಕೂಗು ಮುಗಿದ ಕ್ಷಣ ಅದು. ಉಗ್ರಪ್ಪನ ಕುಡುಗೋಲು ತೊಡೆಯ ಬಳಿ ಇಳಿದಿದೆ, ಅವನು ನಾಚಿಕೊಂಡು ಬೋಳುಬಾಯಿ ಬಿಟ್ಟು ನಗುತ್ತಿದ್ದಾನೆ. ಹಿಂದಿನ ಸಾಲಿನವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ಕ್ಯಾಬಿನ್ನಿನಲ್ಲಿ ಹೊನ್ನೇಶನ ಹಲ್ಲೂ ಕಾಣುತ್ತದೆ. ಇದನ್ನು ಕಂಡವರು ಯಾರೂ ಉಗ್ರಪ್ಪ ಬೆಂಕಿ ಇಡಲು ಬಂದವನು ಅನ್ನಲಾರರು. ಹದಿನೇಳರ ಹೊತ್ತಿಗೆ ಸಾಲು ಚದುರಿ, ಉಗ್ರಪ್ಪ ಹೊರೆ ಎತ್ತಲು ಆಚೆ ಹೋಗಿದ್ದ. ಅವನನ್ನು ಉಳಿಸುವುದಿದ್ದರೆ ಹದಿನಾರೇ.

ಸರಿಯಾಗಿ ನೋಡೋಣವೆಂದು ಅವಳು ಹದಿನಾರನ್ನು ದೊಡ್ಡದು ಮಾಡಿದಳು. ಎಡಗಡೆಯ ಅಂಚಿನಲ್ಲಿ, ಟಿಪ್ಪರಿನ ಹಿಂದಿನ ಚಕ್ರದ ಪಕ್ಕ, ಒಬ್ಬ ಹುಡುಗ ನಿಂತಿದ್ದ. ಅವನೊಬ್ಬ ನಗುತ್ತಿರಲಿಲ್ಲ. ಚಕ್ರದ ಕಡೆ ನೋಡುತ್ತಿದ್ದ. ಕೈಯಲ್ಲಿ ನೀಲಿ ಕ್ಯಾನು. ಸಿದ್ದಪ್ಪನವರ ಮಗ ತೀರ್ಥೇಶ್.

ಹಿಂದಿನ ಚಿತ್ರಗಳಲ್ಲಿ ಹುಡುಕಿದಳು. ಮುಂದಿನದರಲ್ಲೂ ಹುಡುಕಿದಳು. ಅವನು ಸಿಕ್ಕಿದ್ದು ಆ ಒಂದರಲ್ಲಿ ಮಾತ್ರ. ಕ್ಯಾನಿನಲ್ಲಿ ಕುಡಿಯುವ ನೀರಿರಬಹುದು. ಪಂಪಿನ ಡೀಸೆಲ್ ಇರಬಹುದು, ತೋಟದವರ ಮನೆಯಲ್ಲಿ ಅದು ಇಲ್ಲದೆ ಇರುತ್ತದೆಯೇ? ಖಾಲಿಯೇ ಇರಬಹುದು. ಎಷ್ಟು ದೊಡ್ಡದು ಮಾಡಿದರೂ ನೀಲಿ ಬಣ್ಣ ಚೌಕ ಚೌಕವಾಗಿ ಒಡೆಯಿತೇ ಹೊರತು ಒಳಗೇನಿದೆ ಎಂದು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಕಡೂರಿಗೆ ಹೋದಳು. ಮೂವರೂ ಒಟ್ಟಿಗೆ ಹೋಗಿ, ಚಿತ್ರ ಒಂದೇ, ತೆಗೆದವಳು ಒಬ್ಬಳೇ, ಅದೂ ಹೇಳಿ ಮಾಡಿಸಿದ್ದು ಎಂದರೆ ಮಾತಿಗೆ ತೂಕ ಬರುತ್ತದೆ ಎಂಬ ಆಸೆ. ನಾಗೇಶ್ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ತರಿಸಿದ. ಅವಳ ಮಾತು ಪೂರ್ತಿ ಕೇಳಿಸಿಕೊಂಡ.

"ಅಕ್ಕಾ, ನಿಂಗೇನ್ ತಲೆ ಕೆಟ್ಟೈತಾ? ನಾನು ಆವತ್ತು ಸಖರಾಯಪಟ್ಟಣದಾಗೆ ಮದುವೆ ಫೋಟೋ ತೆಗೀತಿದ್ದೆ. ನನ್ನ ಹೆಸರು ಹುಲ್ಲೇಕಟ್ಟೆ ಫೋಟೋ ಕೆಳಗೈತೆ. ಇದನ್ನ ಹೋಗಿ ಪೊಲೀಸ್ರಿಗೆ ಬರ್ಕೊಡ್ಲಾ?"

"ಆ ಮನುಷ್ಯ ಒಳಗೆ ಕೂತವ್ನೆ ನಾಗೇಶ್."

"ಬಿಡ್ತಾರೆ ಬಿಡು. ಡ್ರೈವರ್ ಹುಷಾರಾದ್ರೆ ಅವ್ನೇ ಹೇಳ್ತಾನೆ, ಯಾರು ಏನು ಅಂತ. ನೀನ್ಯಾಕೆ ಮಧ್ಯೆ? ಇಷ್ಟು ವರ್ಷ ನಾವು ಕಳ್ಸಿರೋ ಫೋಟೋನೆಲ್ಲ ಜನ ತಿರುಗಿಸಿ ನೋಡಕ್ ಶುರು ಮಾಡ್ತಾರೆ ಅಷ್ಟೇ."

"ನೋಡ್ಲಿ."

"ನೀನು ನೋಡಿದೀಯಾ?" ಎಂದ ನಾಗೇಶ್. ಅಶ್ವಿನಿಯ ಮುಂದಿನ ಕಾಫಿ ಆರಿ ಕೆನೆ ಕಟ್ಟಿತು.

ಅವಳು ವಾಪಸ್ಸು ಬಂದಾಗ ಸ್ಟುಡಿಯೋದೊಳಗೆ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಸಿದ್ದಪ್ಪ ಕೂತಿದ್ದರು. ಎದುರಿಗೆ ಅಪ್ಪ. ಇಬ್ಬರ ನಡುವೆ ಎಲೆಅಡಿಕೆ ತಟ್ಟೆ. ಅಪ್ಪ ಅಡಿಕೆ ಎತ್ತಿಕೊಳ್ಳಲು ಹೋಗಿ ಬೀಳಿಸಿಕೊಳ್ಳುತ್ತಿದ್ದರು. ಸಿದ್ದಪ್ಪ ಅದನ್ನು ಸಮಾಧಾನವಾಗಿ ನೋಡುತ್ತಿದ್ದರು.

"ಬಾರಮ್ಮ. ಪಾಸ್‌ಪೋರ್ಟ್ ಸೈಜ್ ಒಂದಾರು ಬೇಕಿತ್ತು, ಬ್ಯಾಂಕಿಗೆ."

ಅವಳು ದೀಪ ಹಾಕಿ ತೆಗೆದಳು. ಸಿದ್ದಪ್ಪ ಕಣ್ಣು ಮಿಟುಕಿಸದೆ ಕೂತಿದ್ದರು.

"ಇದ್ರಾಗೆ ತೆಗ್ದಿದ್ದೆಲ್ಲ ಹಂಗೇ ಇರ್ತವಾ?" ಎಂದು ಕ್ಯಾಮೆರಾದ ಕಡೆ ಗದ್ದ ತೋರಿಸಿದರು.

"ಅಳಿಸೋ ತನಕ ಇರ್ತವೆ ಗೌಡ್ರೇ."

"ಆವತ್ತಿಂದೂ ಅವೆ ಅನ್ನು."

ಅವಳು ಕ್ಯಾಮೆರಾವನ್ನು ತನ್ನ ಕಡೆಗೆ ಎಳೆದುಕೊಂಡಳು. ಅದೇ ಉತ್ತರವಾಯಿತು.

"ನೋಡಮ್ಮ, ನಾನು ಜಗಳಕ್ಕೆ ಬಂದಿಲ್ಲ. ಉಗ್ರ ನಮ್ಮ ಆಳೇ, ಹೊರಗಿನೋನಲ್ಲ. ಲಾಯರ್ ಇಡ್ತೀನಿ, ಅವನ ಮನೆಗೆ ಅಕ್ಕಿ ಬೇಳೆ ಹಾಕಿಸ್ತೀನಿ. ನಾಲ್ಕು ದಿನಕ್ಕೆ ಎಲ್ಲಾ ತಣ್ಣಗಾಗ್ತೈತೆ. ಹಳೇದು ಇಟ್ಕಂಡು ಯಾಕೆ ಜಾಗ ತುಂಬಿಸ್ತೀಯ, ಅಳಿಸಿಬಿಡು." ಅವರು ಎದ್ದು ಶಾಲು ಕೊಡವಿದರು. ಬಾಗಿಲ ಹತ್ತಿರ ಹೋಗಿ, ಏನೋ ನೆನಪಾದವರಂತೆ ತಿರುಗಿದರು. "ನಿಮ್ಮಪ್ಪ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಒಬ್ರೇ ಹೋಗ್ತಾರಂತೆ. ಕೈಕಾಲು ನಡುಗೋ ಮನುಷ್ಯ. ಆ ಕಡೆ ನೀರು, ಈ ಕಡೆ ಲಾರಿ. ಯಾರನ್ನಾದ್ರೂ ಜೊತೆಗೆ ಕಳ್ಸಮ್ಮ."

ಅವರು ಹೋದ ಮೇಲೂ ಸ್ಟೂಲಿನ ಮೇಲಿನ ದೀಪ ಉರಿಯುತ್ತಲೇ ಇತ್ತು. ಅಶ್ವಿನಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ಹದಿನಾರನೆಯ ಚಿತ್ರವನ್ನೂ ತೋರಿಸಿದಳು. ಮಲ್ಲಿಕಾರ್ಜುನಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಮೂವತ್ತು ವರ್ಷ ಮಾಡಿಸಿದೀನಿ ಕಣೇ. ಯಾರಿಗೂ ಏನೂ ಆಗ್ಲಿಲ್ಲ," ಎಂದರು. ಆಮೇಲೆ, "ಹಂಗಂತ ಅಂದ್ಕೊಂಡಿದೀನಿ. ಹಿಂದಕ್ಕೆ ಹೋಗಿ ಯಾರನ್ನೂ ಕೇಳಿಲ್ಲ," ಎಂದರು.

"ಈಗ ಏನ್ ಮಾಡ್ಲಪ್ಪಾ? ಇದನ್ನ ಕೊಟ್ರೆ ಉಗ್ರಪ್ಪಣ್ಣ ಬರ್ತಾರೆ, ತೀರ್ಥೇಶ್ ಹೋಗ್ತಾನೆ. ಅವ್ನು ಮಾಡಿದಾನೋ ಇಲ್ವೋ ನನಗೇನ್ ಗೊತ್ತು?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

ಕತ್ತರಿಸುವುದು ಅಶ್ವಿನಿಗೂ ಗೊತ್ತಿತ್ತು. ಎಡಗಡೆಯ ಅಂಚಿನಿಂದ ಎರಡು ಬೆರಳಷ್ಟು ಗೆರೆ ಒಳಕ್ಕೆ ತಂದರೆ ಆಯಿತು, ಹುಡುಗನೂ ಇಲ್ಲ, ಕ್ಯಾನೂ ಇಲ್ಲ. ಉಳಿದವರ ನಗು ಹಾಗೇ ಇರುತ್ತದೆ. ಅವಳು ಗೆರೆಯನ್ನು ಒಳಕ್ಕೆ ತಂದು ನೋಡಿದಳು. ಚಿತ್ರ ಎಷ್ಟು ಚೆನ್ನಾಗಿ ಕಂಡಿತು! ಮದುವೆಯ ಮನೆಯ ಚಿತ್ರದಷ್ಟು ಸಲೀಸಾಗಿ ಕಂಡಿತು. ಗೆರೆಯನ್ನು ಮತ್ತೆ ಆಚೆಗೆ ಸರಿಸಿದಳು. ಹುಡುಗ ಅಲ್ಲೇ ನಿಂತಿದ್ದ. ಹೀಗೆ ಎಷ್ಟು ಸಲ ಮಾಡಿದಳೋ ಅವಳಿಗೇ ತಿಳಿಯದು. ಕೊನೆಗೆ ಏನನ್ನೂ ಉಳಿಸದೆ, ಏನನ್ನೂ ಅಳಿಸದೆ ಕಂಪ್ಯೂಟರ್ ಮುಚ್ಚಿ ಅಡುಗೆಗೆ ಎದ್ದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ವಾಕಿಂಗಿಗೆ ಹೊರಡಲಿಲ್ಲ. ಚಪ್ಪಲಿ ಮೆಟ್ಟಿ, ಜಗಲಿಯ ತನಕ ಹೋಗಿ, ರಸ್ತೆಯ ಎರಡೂ ಕಡೆ ನೋಡಿ ವಾಪಸ್ಸು ಬಂದು ಕೂತರು. ಒಂಬತ್ತು ಗಂಟೆಗೆ ಪತ್ರಿಕೆಯ ಕಚೇರಿಯಿಂದ ಫೋನು.

"ಮೇಡಂ, ಆ ಡ್ರೈವರ್ ಹೊನ್ನೇಶ್ ಬೆಳಿಗ್ಗೆ ತೀರ್ಕೊಂಡ್ರು. ಈಗ ಕೊಲೆ ಕೇಸು. ಆ ಕುಡುಗೋಲಿನವ್ರನ್ನ ನಾಳೆ ಕೋರ್ಟಿಗೆ ಹಾಜರು ಮಾಡ್ತಾರಂತೆ. ಕರ್ಕೊಂಡ್ಹೋಗುವಾಗ ಒಂದು ಫೋಟೋ ಬೇಕು. ಮುಖ ಚೆನ್ನಾಗಿ ಕಾಣ್ಲಿ."

ಲೈಟ್ ಹಾಕ್ಲಾ ಮೇಡಂ ಎಂದು ಕೇಳಿದ್ದವನು ಅವನು. ಅಶ್ವಿನಿ ಫೋನು ಇಟ್ಟಳು. ಅವನು ಬದುಕಿದರೆ ಅವನೇ ಹೇಳುತ್ತಾನೆ ಎಂದು ನಾಗೇಶ್ ಅಂದಿದ್ದ. ಇನ್ನು ಹೇಳುವವರು ಯಾರೂ ಉಳಿದಿರಲಿಲ್ಲ, ಅವಳ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡು ಬಿಟ್ಟರೆ. ಅದರಲ್ಲಿನ ಚಿತ್ರವನ್ನೂ ಕತ್ತರಿಸಿ ಕೊಟ್ಟರೆ ಕಚೇರಿಯವರಿಗೂ ತನಗೂ ಏನು ವ್ಯತ್ಯಾಸ? ಅವರು ಹನ್ನೆರಡು ಜನರನ್ನು ಉಳಿಸಿದರು, ತಾನು ಹದಿಮೂರನೆಯವನನ್ನು ಉಳಿಸಿದಂತಾಗುತ್ತದೆ. ಕಾರ್ಡನ್ನು ಕ್ಯಾಮೆರಾದಿಂದ ತೆಗೆಯದೆ, ಕ್ಯಾಮೆರಾವನ್ನೇ ಕೊರಳಿಗೆ ಹಾಕಿಕೊಂಡು ಹೊರಟಳು.

"ಅಪ್ಪಾ, ಬಾಗಿಲು ಹಾಕ್ಕೊಂಡು ಒಳಗಿರಿ. ಯಾರು ಬಂದ್ರೂ ತೆಗೀಬೇಡಿ."

"ಹೋಗ್ಬಾರಮ್ಮ," ಎಂದರು ಅಪ್ಪ. ಅಗುಳಿ ಹಾಕಲು ಅವರ ಕೈ ಮೂರು ಸಲ ತಡಕಾಡಿದ ಸದ್ದು ಅವಳಿಗೆ ಹೊರಗೆ ಕೇಳಿಸಿತು.

ಠಾಣೆಯಲ್ಲಿ ಸಾಹೇಬರು ಮರ್ಯಾದೆಯಿಂದಲೇ ಕೂರಿಸಿದರು. ಪೇಪರಿನವರೆಂದು ಟೀ ತರಿಸಿದರು. ರೈಲ್ವೆ ಗೇಟು ಹಾಕಿತ್ತು ಎಂಬಲ್ಲಿಂದ ಹಿಡಿದು ಅವಳು ಎಲ್ಲವನ್ನೂ ಹೇಳಿದಳು. ಮುಗಿದುಹೋಗಿತ್ತು, ಮತ್ತೆ ಮಾಡಿಸಿದೆ, ದಾರಿಯಲ್ಲಿ ಹೋಗುವವನನ್ನು ಕರೆದೆ, ಕೈ ಎತ್ತು ಅಂದದ್ದು ನಾನು, ಕೂಗು ಅಂದದ್ದೂ ನಾನು. ಮೂರು ಪತ್ರಿಕೆಯ ಚಿತ್ರವೂ ನನ್ನದೇ.

"ಇದನ್ನ ಬರೆದು ಸಹಿ ಹಾಕ್ತೀರಾ? ನಿಮ್ಮ ಪೇಪರ್ ಕೆಲಸ ಹೋಗುತ್ತೆ."

"ಹಾಕ್ತೀನಿ ಸಾರ್."

ಅವರು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸಿದರು. ಹದಿನಾರು ಬಂದಾಗ ನಿಂತರು. ಉಗ್ರಪ್ಪನ ನಗುವನ್ನು ನೋಡಿ ಅವರ ತುಟಿಯೂ ಕೊಂಚ ಸಡಿಲವಾಯಿತು. "ಎಮ್ಮೆ ಹೆಸರೇ ಕೂಗಿರ್ಬೇಕು ಬಿಡ್ರಿ," ಎಂದು ಪಕ್ಕದವರಿಗೆ ಹೇಳಿದರು. ಅಶ್ವಿನಿಯ ಕಣ್ಣು ತುಂಬಿ ಬಂತು.

ಆಮೇಲೆ ಅವರ ಹೆಬ್ಬೆರಳು ಗುಂಡಿಯನ್ನು ಒತ್ತಿ ಚಿತ್ರವನ್ನು ದೊಡ್ಡದು ಮಾಡಿತು. ಎಡಕ್ಕೆ ಸರಿಯಿತು. ನಿಂತಿತು.

"ಇವನ್ಯಾರಮ್ಮ?"

"ಸಾರ್, ಅವನನ್ನ ನಾನು ನೋಡಿ ತೆಗೆದಿದ್ದಲ್ಲ. ಅಂಚಿನಲ್ಲಿ ಬಂದಿದಾನೆ ಅಷ್ಟೇ. ಕ್ಯಾನಿನೊಳಗೆ ಏನಿತ್ತೋ ನಂಗೆ ಗೊತ್ತಿಲ್ಲ. ನೀರೂ ಇರಬಹುದು. ಅದನ್ನೂ ಹಾಗೇ ಬರ್ಕೊಳಿ."

"ಏನಿತ್ತು ಅಂತ ನಾವು ಅವನನ್ನೇ ಕೇಳ್ತೀವಿ. ನೀವು ಹೆಸರು ಹೇಳಿ."

"ಮೊದ್ಲು ಬರ್ಕೊಳಿ ಸಾರ್, ಗೊತ್ತಿಲ್ಲ ಅಂತ."

ಅವರು ಬರೆದರೋ ಇಲ್ಲವೋ, ಪೆನ್ನು ಕಾಗದದ ಮೇಲೆ ಓಡಾಡಿತು. "ಹೇಳಿ."

ಅವಳು ಹೆಸರು ಹೇಳಿದಳು. ಹೇಳದಿದ್ದರೂ ಊರಿನ ಯಾರನ್ನು ಕೇಳಿದರೂ ಗೊತ್ತಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಹೇಳಿದ್ದು ಅವಳೇ.

ಉಗ್ರಪ್ಪನನ್ನು ಬಿಟ್ಟದ್ದು ಹೊತ್ತು ಇಳಿಯುವ ಸಮಯಕ್ಕೆ. ಕ್ಯಾಮೆರಾ ಅಲ್ಲೇ ಉಳಿಯಿತು, ಸಾಕ್ಷಿಗೆ ಬೇಕಂತೆ. ಅಷ್ಟರಲ್ಲಿ ಅವಳ ಫೋನಿನಲ್ಲಿ ಮೂವರ ಗುಂಪಿನಿಂದ ನಾಗೇಶ್ ಹೊರಗೆ ಹೋಗಿದ್ದ, ಅವನ ಹಿಂದೆ ಆನಂದನೂ ಹೋಗಿದ್ದ. ಗುಂಪಿನಲ್ಲಿ ಅವಳೊಬ್ಬಳೇ ಇದ್ದಳು.

ಬೆಂಚಿನ ಮೇಲೆ ಮೂರು ದಿನ ಕೂತಿದ್ದ ಉಗ್ರಪ್ಪನ ಮಂಡಿ ಹಿಡಿದುಕೊಂಡಿತ್ತು. ಸ್ಕೂಟರಿನ ಹಿಂದೆ ಹತ್ತಿ ಎಂದರೆ ಮೊದಲು ಒಪ್ಪಲಿಲ್ಲ. ಆಮೇಲೆ ಅವಳಿಗೆ ತಾಕದಂತೆ, ತುದಿಯಲ್ಲಿ, ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಹುಲ್ಲೇಕಟ್ಟೆ ಇನ್ನೂ ಒಂದು ಮೈಲಿ ಇದೆ ಎನ್ನುವಾಗ ಹಿಂದಿನಿಂದ ಜೀಪು ಬಂದು, ಅವರನ್ನು ದಾಟಿ, ದೂಳೆಬ್ಬಿಸಿಕೊಂಡು ಊರ ಕಡೆ ಹೋಯಿತು.

"ನಿಲ್ಸವ್ವ," ಎಂದ ಉಗ್ರಪ್ಪ. "ಇಲ್ಲೇ ಇಳ್ಸಿಬಿಡು."

"ಯಾಕಣ್ಣಾ, ಮನೆ ತನಕ ಬಿಡ್ತೀನಿ. ನಡೆಯಕ್ಕಾಗಲ್ಲ ನಿಮ್ಗೆ."

ಅವನು ಇಳಿದೇಬಿಟ್ಟ. ರಸ್ತೆಯ ಎರಡೂ ಬದಿ ಆಳೆತ್ತರ ಮೆಕ್ಕೆಜೋಳ, ಗಾಳಿಗೆ ಗರಿ ಉಜ್ಜಿಕೊಂಡು ಸದ್ದು ಮಾಡುತ್ತಿತ್ತು.

"ಗೌಡ್ರ ಮಗನ್ನ ಹಿಡ್ಕೊಂಡು ಹೋಗಾಕೆ ಹೊಂಟವ್ರಾ?"

"ಹೂಂ ಅಣ್ಣಾ."

"ಅವ್ನು ಮಾಡಿದ್ನಾ ನಿಜವಾಗ್ಲೂ?"

"ಗೊತ್ತಿಲ್ಲ."

"ನನ್ನ ವಿಷಯದಾಗೂ ಯಾರ್ಗೂ ಗೊತ್ತಿರ್ಲಿಲ್ಲ," ಎಂದ ಉಗ್ರಪ್ಪ. ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬಹುದು ಎನ್ನುವ ಹಾಗೆ ಹೇಳಿದ. "ನೀನು ಒಳ್ಳೇದೇ ಮಾಡ್ದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಬಂದಿದ್ದೂ ಇವತ್ತೇ, ಆ ಹುಡುಗ ಹೋಗಿದ್ದೂ ಇವತ್ತೇ. ಊರೋರು ಸುಮ್ನೆ ಇರ್ತಾರಾ? ನಮ್ಮ ಮನೆ ಗೌಡ್ರ ಹೊಲದ ಬದಿನಾಗೇ ಐತೆ. ನಾನು ನಿನ್ನ ಗಾಡಿಯಿಂದ ಇಳಿದಿದ್ದು ಯಾರಾದ್ರೂ ಕಂಡ್ರೆ..."

ಮಾತು ಮುಗಿಸದೆ ಟವಲ್ಲನ್ನು ತಲೆಯಿಂದ ಕೆಳಕ್ಕೆ ಮೂಗಿನ ತನಕ ಎಳೆದುಕೊಂಡ. ರಸ್ತೆ ಬಿಟ್ಟು ಬದುವಿಗೆ ಇಳಿದು, ಕುಂಟುತ್ತಾ ಜೋಳದ ನಡುವಿನ ಕಾಲುದಾರಿ ಹಿಡಿದ.

ಅಶ್ವಿನಿ ಗಾಡಿಯ ಇಂಜಿನ್ ನಿಲ್ಲಿಸಿ ನೋಡುತ್ತಾ ನಿಂತಳು. ಊರ ಕಡೆಯಿಂದ ಮೊದಲು ನಾಯಿಗಳ ಬೊಗಳು ಕೇಳಿತು. ಆಮೇಲೆ ಜೀಪಿನ ಬಾಗಿಲು ಹಾಕಿದ ಸದ್ದು. ಅದರ ಹಿಂದೆಯೇ ಒಬ್ಬ ಹೆಂಗಸು "ಅಯ್ಯೋ ನನ್ ಮಗನೇ" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗಿಕೊಂಡಳು, ಗಂಡಸರ ದನಿಗಳು ಒಂದರ ಮೇಲೊಂದು ಎದ್ದವು.

ಹೊಲದ ನಡುವೆ ಹೋಗುತ್ತಿದ್ದ ಉಗ್ರಪ್ಪ ನಿಂತ. ಒಂದು ಗಳಿಗೆ ಕಿವಿಗೊಟ್ಟ. ಆಮೇಲೆ ನಿಂತಲ್ಲೇ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಜೋಳದ ಗರಿ ಅವನ ತಲೆಯ ಮೇಲೆ ಮುಚ್ಚಿಕೊಂಡಿತು. ಅವನು ಏಳುವುದನ್ನು ಕಾಯುತ್ತಾ ಅಶ್ವಿನಿ ನಿಂತೇ ಇದ್ದಳು, ಕತ್ತಲಾಗುವ ತನಕ. ಅವನು ಏಳಲಿಲ್ಲ.